ನೋಟಿಸ್ ಕೊಡದೆ ಗೋಡೆಗೆ ಕೆಂಪು ಗುರುತು ಹಾಕಿದ್ದಾರೆ, ಮೊದಲು ಏನು ಮಾಡಬೇಕು?

ಕೇಸರೆ ಹೈದ

ಎಲ್ಲರಿಗೂ ನಮಸ್ಕಾರ. ನಾವಿರುವುದು ಮೈಸೂರಿನ ಉತ್ತರದ ಕಡೆ, ಮೋರಿ ಪಕ್ಕದ ಒಂದು ಕಾಲೋನಿ. ಹೆಸರು ಇಲ್ಲಿ ಬೇಡ. ನಮ್ಮಜ್ಜಿ ಕಾಲದಿಂದ ಇಲ್ಲೇ ಇದ್ದೇವೆ. ಪೌರಕಾರ್ಮಿಕರು, ಗಾರೆ ಕೆಲಸದವರು, ಮನೆಗೆಲಸಕ್ಕೆ ಹೋಗುವ ಹೆಂಗಸರು, ಊದುಬತ್ತಿ ಹೊಸೆಯುವವರು, ಇಂಥವರೇ ಜಾಸ್ತಿ. ಕರೆಂಟ್ ಇದೆ, ಬೀದಿ ನಲ್ಲಿ ಇದೆ. ಹಕ್ಕುಪತ್ರ ಮಾತ್ರ ಯಾರಿಗೂ ಇಲ್ಲ.

ಹೋದ ವಾರ ನಾಲ್ಕೈದು ಜನ ಬಂದು ಗೋಡೆಗಳಿಗೆ ಕೆಂಪು ಬಣ್ಣದಲ್ಲಿ ನಂಬರ್ ಬರೆದು ಹೋದರು. ಯಾವ ಕಚೇರಿ ಅಂತ ಕೇಳಿದರೆ ಸರಿಯಾಗಿ ಹೇಳಲಿಲ್ಲ. "ಒಂದು ವಾರದಲ್ಲಿ ಖಾಲಿ ಮಾಡಿ" ಅಂದರು. ಕೈಗೆ ಒಂದು ಚೀಟಿಯನ್ನೂ ಕೊಡಲಿಲ್ಲ. ಈಗ ಏರಿಯಾದಲ್ಲಿ ಇಬ್ಬರು ಲೀಡರ್‌ಗಳು ಎದ್ದಿದ್ದಾರೆ. ಒಬ್ಬರು ಮನೆಗೆ 500 ಕೊಡಿ, ಸ್ಟೇ ತರುತ್ತೇನೆ ಅನ್ನುತ್ತಾರೆ. ಇನ್ನೊಬ್ಬರು ಎಂಎಲ್‌ಎಗೆ ಹೇಳಿ ನಿಲ್ಲಿಸುತ್ತೇನೆ, ಯಾರೂ ಗಲಾಟೆ ಮಾಡಬೇಡಿ ಅನ್ನುತ್ತಾರೆ. ಅಮ್ಮನಿಗೆ ರಾತ್ರಿ ನಿದ್ದೆ ಇಲ್ಲ. ಇಂಥದ್ದನ್ನು ಅನುಭವಿಸಿದವರು ಯಾರಾದರೂ ಇದ್ದರೆ ಹೇಳಿ, ಮೊದಲು ಏನು ಮಾಡಬೇಕು?

ಮಂಡ್ಯದ ಮಗ

ಮೊದಲು ಜಾಗ ಯಾರದ್ದು ಅಂತ ತಿಳಿದುಕೊಳ್ಳಿ ಕಣಣ್ಣ. ಪಾಲಿಕೆಯದ್ದಾ, ಕಂದಾಯದ್ದಾ, ರೈಲ್ವೆಯದ್ದಾ, ಮುಡಾ ಅಂತಿದ್ದ ನಗರಾಭಿವೃದ್ಧಿ ಪ್ರಾಧಿಕಾರದ್ದಾ? ಅದು ಗೊತ್ತಿಲ್ಲದಿದ್ದರೆ ಯಾವ ಬಾಗಿಲು ತಟ್ಟಬೇಕು ಅನ್ನುವುದೇ ಗೊತ್ತಾಗುವುದಿಲ್ಲ.

ಎನ್.ಆರ್. ಮೊಹಲ್ಲಾದವಳು

500 ಕೊಡಬೇಡಿ. ಈಗಲೇ ಹೇಳುತ್ತಿದ್ದೇನೆ, ಯಾರಿಗೂ ಕೊಡಬೇಡಿ.

ನಮ್ಮ ಬೀದಿಯಲ್ಲೂ ಹೀಗೇ ಆಗಿತ್ತು. ದುಡ್ಡು ಎತ್ತಿದವರು ಎರಡು ತಿಂಗಳು ಕಾಣಿಸಲೇ ಇಲ್ಲ. ಸಂಘದ ಹೆಸರಲ್ಲಿ ಒಂದು ರೂಪಾಯಿ ಎತ್ತಿದರೂ ರಸೀದಿ ಇರಬೇಕು, ಲೆಕ್ಕ ಎಲ್ಲರ ಮುಂದೆ ಓದಬೇಕು. ಇಬ್ಬರು ಲೀಡರ್‌ಗಳನ್ನೂ ಒಂದೇ ಸಭೆಗೆ ಕರೆಯಿರಿ. ಬೀದಿಗೆ ಇಬ್ಬರ ಹಾಗೆ ಕಮಿಟಿ ಮಾಡಿ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಹೆಂಗಸರು ಇರಲಿ. ಜೆಸಿಬಿ ಬರುವುದು ಬೆಳಿಗ್ಗೆ ಗಂಡಸರು ಕೆಲಸಕ್ಕೆ ಹೋದ ಮೇಲೆ. ಮನೆಯಲ್ಲಿ ಇರುವವರು ಯಾರು? ಆ ಹೊತ್ತಿಗೆ ಯಾರಿಗೆ ಫೋನ್ ಮಾಡಬೇಕು, ಅಧಿಕಾರಿಗೆ ಏನು ಕೇಳಬೇಕು ಅಂತ ಗೊತ್ತಿರಬೇಕಾದವರು ಅವರೇ ಅಲ್ವಾ.

ಕಪ್ಪುಕೋಟು

ಬಾಯಿಮಾತಿನ ಗಡುವಿಗೆ ಕಾನೂನಿನಲ್ಲಿ ಬೆಲೆ ಇಲ್ಲ. ಸರ್ಕಾರಿ ಜಾಗದಿಂದ ಜನರನ್ನು ಎಬ್ಬಿಸುವುದಕ್ಕೇ ನಮ್ಮ ರಾಜ್ಯದಲ್ಲಿ 1974ರ ಕಾಯ್ದೆ ಇದೆ. ಮೊದಲು ಲಿಖಿತ ನೋಟಿಸ್ ಕೊಡಬೇಕು, ನಿಮ್ಮ ಮಾತು ಕೇಳಬೇಕು, ಕಾರಣ ಬರೆದು ಆದೇಶ ಮಾಡಬೇಕು. ಆ ಆದೇಶದ ಮೇಲೆ ಜಿಲ್ಲಾ ನ್ಯಾಯಾಧೀಶರ ಮುಂದೆ ಅಪೀಲು ಹೋಗಬಹುದು.

ಇವತ್ತೇ ಮಾಡಬಹುದಾದ ಕೆಲಸ ಹೇಳುತ್ತೇನೆ. ಒಂದು ಅರ್ಜಿ ಬರೆಯಿರಿ. ಇಂಥ ದಿನ ಇಷ್ಟು ಗಂಟೆಗೆ ಬಂದು ಗುರುತು ಹಾಕಿದರು, ನೋಟಿಸ್ ಕೊಟ್ಟಿಲ್ಲ, ನಾವು ಇಷ್ಟು ವರ್ಷದಿಂದ ವಾಸ ಇದ್ದೇವೆ, ಯಾವ ಆದೇಶದ ಮೇಲೆ ಬಂದಿದ್ದರು ಎಂದು ತಿಳಿಸಿ, ಅಷ್ಟೇ. ಜಿಲ್ಲಾಧಿಕಾರಿ ಕಚೇರಿ, ಪಾಲಿಕೆ ವಲಯ ಕಚೇರಿ, ಕೊಳಗೇರಿ ಅಭಿವೃದ್ಧಿ ಮಂಡಳಿ ಮೂರೂ ಕಡೆ ಕೊಡಿ. ನಿಮ್ಮ ಪ್ರತಿಯ ಮೇಲೆ ಸೀಲು, ಸಹಿ, ತಾರೀಕು ಹಾಕಿಸಿಕೊಳ್ಳದೆ ಬರಬೇಡಿ. ಆಮೇಲೆ ಕೋರ್ಟಿಗೆ ಹೋದರೆ ಆ ಸೀಲೇ ನಿಮ್ಮನ್ನು ಕಾಯುತ್ತದೆ.

ವಕೀಲರಿಗೆ ದುಡ್ಡಿಲ್ಲ ಅಂತ ಹಿಂಜರಿಯಬೇಡಿ. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. 1987ರ ಕಾಯ್ದೆಯಲ್ಲೇ ಇದೆ. ಕೋರ್ಟ್ ಆವರಣದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಎಲ್ಲಿ ಅಂತ ಕೇಳಿ. ಇಲ್ಲದಿದ್ದರೆ 15100ಕ್ಕೆ ಫೋನ್ ಮಾಡಿ.

ಲಾ ಓದುತ್ತಿರುವವನು

ಇಷ್ಟೆಲ್ಲ ಯಾಕೆ ಸರ್? 2024ರ ನವೆಂಬರ್ 13ಕ್ಕೆ ಸುಪ್ರೀಂ ಕೋರ್ಟ್ ಬುಲ್ಡೋಜರ್ ತೀರ್ಪು ಕೊಟ್ಟಿದೆ. 15 ದಿನದ ನೋಟಿಸ್ ಇಲ್ಲದೆ ಯಾವ ಕಟ್ಟಡವನ್ನೂ ಮುಟ್ಟುವ ಹಾಗಿಲ್ಲ. ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಬೇಕು, ಮನೆ ಮೇಲೂ ಅಂಟಿಸಬೇಕು, ಕೆಡವುವಾಗ ವಿಡಿಯೋ ಮಾಡಬೇಕು. ತೀರ್ಪಿನ ಪ್ರಿಂಟ್ ಇಟ್ಟುಕೊಂಡು ತೋರಿಸಿದರೆ ಸಾಕು.

ಕಪ್ಪುಕೋಟು

ಪೂರ್ತಿ ಓದು ತಮ್ಮ. ಅದೇ ತೀರ್ಪಿನಲ್ಲಿ ರಸ್ತೆ, ಫುಟ್‌ಪಾತ್, ರೈಲ್ವೆ ಹಳಿ ಪಕ್ಕ, ನದಿ ಮತ್ತು ಜಲಮೂಲದ ಜಾಗಕ್ಕೆ ಈ ನಿರ್ದೇಶನ ಅನ್ವಯಿಸುವುದಿಲ್ಲ ಅಂತಲೂ ಇದೆ. ಕೋರ್ಟ್ ಆದೇಶದ ಮೇಲೆ ಕೆಡವುತ್ತಿದ್ದರೂ ಅನ್ವಯಿಸುವುದಿಲ್ಲ. ಇವರ ಕಾಲೋನಿ ಇರುವುದು ಮೋರಿ ಪಕ್ಕ. ಅಧಿಕಾರಿಗಳು ಮೊದಲು ಹೇಳುವುದೇ "ಇದು ರಾಜಕಾಲುವೆ" ಎಂದು. ಪ್ರಿಂಟ್ ತೋರಿಸಿ ಸುಮ್ಮನೆ ಕೂತರೆ ಜನ ಮೋಸ ಹೋಗುತ್ತಾರೆ.

ಅದಕ್ಕೇ ಸರ್ವೆ ನಕ್ಷೆ ಬೇಕು. ಕಾಲುವೆಯ ಗಡಿ ಎಲ್ಲಿಗೆ ಮುಗಿಯುತ್ತದೆ? ಎಷ್ಟು ಮನೆ ಒಳಗೆ, ಎಷ್ಟು ಮನೆ ಹೊರಗೆ? ನಾಲ್ಕು ಮನೆ ಕಾಲುವೆಯೊಳಗೆ ಇದ್ದರೆ ಅದನ್ನೇ ನೆಪ ಮಾಡಿ ಇಡೀ ಕಾಲೋನಿ ಎಬ್ಬಿಸಲು ನೋಡುತ್ತಾರೆ. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ನಕ್ಷೆ ಕೇಳಿ. ಬಿಪಿಎಲ್ ಕಾರ್ಡ್ ಇದ್ದವರ ಹೆಸರಲ್ಲಿ ಹಾಕಿದರೆ ಅದೂ ಬೇಡ.

ಮಂಡ್ಯದ ಮಗ

ಮಾಹಿತಿ ಹಕ್ಕಿಗೆ 30 ದಿನ ಸಮಯ ಇದೆ. ಅಷ್ಟರಲ್ಲಿ ಮನೆ ಇರುತ್ತಾ?

ಕಪ್ಪುಕೋಟು

ಜೀವ, ಸ್ವಾತಂತ್ರ್ಯದ ವಿಷಯ ಆದರೆ 48 ಗಂಟೆಯಲ್ಲಿ ಕೊಡಬೇಕು ಅಂತ ಅದೇ ಕಾಯ್ದೆಯಲ್ಲಿದೆ. ಅರ್ಜಿಯ ಮೇಲೆ ಹಾಗೆಂದು ಬರೆಯಿರಿ. ಸುಲಭಕ್ಕೆ ಒಪ್ಪುವುದಿಲ್ಲ, ಆದರೂ ಬರೆಯಿರಿ.

ತೆರಿಗೆ ಕಟ್ಟುವವ, ಕುವೆಂಪುನಗರ

ಬೇಜಾರು ಮಾಡಿಕೊಳ್ಳಬೇಡಿ, ನೇರವಾಗಿ ಕೇಳುತ್ತೇನೆ. ಕಾಲುವೆ ಮೇಲೆ ಮನೆ ಕಟ್ಟಿಕೊಂಡರೆ ಮಳೆ ನೀರು ಹೋಗುವುದು ಎಲ್ಲಿಗೆ? ಜೋರು ಮಳೆ ಬಂದಾಗ ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗುವುದನ್ನು ನಾವೂ ನೋಡಿದ್ದೇವೆ. ನಾವು ಸಾಲ ಮಾಡಿ ಸೈಟು ಕೊಂಡು ವರ್ಷಾ ವರ್ಷ ಕಂದಾಯ ಕಟ್ಟುತ್ತೇವೆ. ಬಡವರು ಅಂತ ಕಾನೂನು ಬೇರೆ ಆಗಬೇಕಾ?

ಎನ್.ಆರ್. ಮೊಹಲ್ಲಾದವಳು

ಸರ್, ನೀರು ಮೊದಲು ನುಗ್ಗುವುದು ನಮ್ಮ ಮನೆಗೆ. ನಿಮ್ಮ ಮನೆಗೆ ಬರುವ ಹೊತ್ತಿಗೆ ನಮ್ಮ ಅಕ್ಕಿ ಮೂಟೆ ನೆಂದು ಹೋಗಿರುತ್ತದೆ. ಮೋರಿ ಪಕ್ಕ ಇರಲೇಬೇಕು ಅಂತ ಆಸೆಪಟ್ಟು ಯಾರೂ ಬಂದಿಲ್ಲ. ಬೇರೆ ಜಾಗ ಕೊಳ್ಳುವ ಶಕ್ತಿ ಇರಲಿಲ್ಲ. ಮತ್ತೆ ತೆರಿಗೆ ಅಂದಿರಿ. ಸೋಪು, ಎಣ್ಣೆ, ಮೊಬೈಲ್ ರೀಚಾರ್ಜ್ ಎಲ್ಲದಕ್ಕೂ ನಾವೂ ಜಿಎಸ್‌ಟಿ ಕೊಡುತ್ತೇವೆ. ನಿಮ್ಮ ಬೀದಿ ಬೆಳಿಗ್ಗೆ ಆರಕ್ಕೆ ಗುಡಿಸುವವರು ಇಲ್ಲೇ ಇದ್ದಾರೆ. ಅವರನ್ನು ಊರಾಚೆ ಹಾಕಿದರೆ ಆರಕ್ಕೆ ಹೇಗೆ ಬರುತ್ತಾರೆ?

ಗಾರೆ ಮೇಸ್ತ್ರಿ

ಮೇಲಿನ ಬಡಾವಣೆಗಳಲ್ಲಿ ಕಾಲುವೆ ಒತ್ತಿ ಕಾಂಪೌಂಡ್ ಹಾಕಿದವರ ಮನೆಗಳನ್ನು ನಾನೇ ಕಟ್ಟಿದ್ದೇನೆ. ಅಲ್ಲಿ ಗೋಡೆಗೆ ಕೆಂಪು ಗುರುತು ಬಿದ್ದಿದ್ದನ್ನು ನೋಡಿಲ್ಲ.

ತೆರಿಗೆ ಕಟ್ಟುವವ, ಕುವೆಂಪುನಗರ

ಅವರನ್ನೂ ಕೆಡವಲಿ, ನನ್ನದೇನೂ ಅಭ್ಯಂತರ ಇಲ್ಲ. ಕೆಲಸದ ಹತ್ತಿರವೇ ಬದಲಿ ಮನೆ ಕೊಟ್ಟು ಆಮೇಲೆ ಎಬ್ಬಿಸುವುದಾದರೆ ನಾನೂ ಸಹಿ ಹಾಕುತ್ತೇನೆ.

ಹಳೇ ಮೈಸೂರಿಗ

ನಡುವೆ ಒಂದು ಮಾತು. ನಮ್ಮೂರಿನಲ್ಲಿ ಇಕ್ಕಟ್ಟಿನ ಕೇರಿ ತೆರವು ಮಾಡಿ ಹೊಸ ಬಡಾವಣೆ ಮಾಡುವ ಕೆಲಸ ಶುರುವಾಗಿದ್ದು ಪ್ಲೇಗಿನ ಕಾಲದಲ್ಲಿ. 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಮಾಡಿದರು. ಅದೇ ಮುಂದೆ 1988ರಲ್ಲಿ ಮುಡಾ ಆಯಿತು. ಅಗಲ ರಸ್ತೆ, ಉದ್ಯಾನ, ಗಾಳಿ ಬೆಳಕು ಅಂತ ಮೈಸೂರನ್ನು ಎಲ್ಲರೂ ಹೊಗಳುತ್ತೇವೆ. ಅದನ್ನು ಗುಡಿಸಿ ತೊಳೆದು ಇಟ್ಟವರಿಗೆ ಮಾತ್ರ ಊರಿನೊಳಗೆ ಜಾಗದ ಲೆಕ್ಕ ಯಾವತ್ತೂ ಸರಿಯಾಗಿ ಹಾಕಲಿಲ್ಲ. ನಾಲ್ಕು ತಲೆಮಾರಿನ ಬಾಕಿ ಇದು. ಕಾಲುವೆ ಮೇಲೆ ಮನೆ ಕಟ್ಟಿದವರದ್ದೇ ತಪ್ಪು ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಅಂಗನವಾಡಿ ಟೀಚರ್

ಕೇಸರೆ ಹೈದ, ಈ ವಾದ ಆಮೇಲೆ ಓದಿಕೋ ಮಗ. ಮೊದಲು ದಾಖಲೆ ಸೇರಿಸು.

ಓಲ್ಗಾ ಟೆಲ್ಲಿಸ್ ಕೇಸು ಅಂತ ಎಲ್ಲರೂ ಹೇಳುತ್ತಾರೆ. 1985ರಲ್ಲಿ ಸುಪ್ರೀಂ ಕೋರ್ಟ್ ಬದುಕುವ ಹಕ್ಕಿನಲ್ಲಿ ದುಡಿದು ತಿನ್ನುವ ಹಕ್ಕೂ ಸೇರಿದೆ ಎಂದಿತು, ನಿಜ. ಆದರೆ ಮುಂಬೈ ಫುಟ್‌ಪಾತಿನ ಆ ಜನರನ್ನು ಮಳೆಗಾಲ ಮುಗಿದ ಮೇಲೆ ಎಬ್ಬಿಸಬಹುದು ಅಂತಲೂ ಅದೇ ತೀರ್ಪು ಹೇಳಿತು. ಬದಲಿ ಜಾಗ ಕೊಡಿ ಎಂದು ಯಾರ ಬಗ್ಗೆ ಹೇಳಿತು ಗೊತ್ತಾ? 1976ರ ಗಣತಿಯಲ್ಲಿ ಹೆಸರು ಬರೆಸಿ ಕಾರ್ಡ್ ಪಡೆದಿದ್ದವರ ಬಗ್ಗೆ. ಹೆಸರು ಇದ್ದವರಿಗೆ ಒಂದು ಮಾತಾದರೂ ಸಿಕ್ಕಿತು, ಇಲ್ಲದವರಿಗೆ ಅದೂ ಇಲ್ಲ. ಸರ್ಕಾರದವರು ಬಂದು ಗಣತಿ ಮಾಡಲಿ ಅಂತ ಕಾಯಬೇಡಿ. ನಿಮ್ಮ ಗಣತಿಯನ್ನು ನೀವೇ ಮಾಡಿ.

ಒಂದು ದೊಡ್ಡ ಡ್ರಾಯಿಂಗ್ ಹಾಳೆಯಲ್ಲಿ ಕಾಲೋನಿಯ ನಕ್ಷೆ ಬರೆಯಿರಿ. ನಲ್ಲಿ, ಮರ, ದೇವಸ್ಥಾನ, ಮಸೀದಿ, ಕರೆಂಟ್ ಕಂಬ ಎಲ್ಲ ಇರಲಿ. ಮನೆ ಮನೆಗೆ ನಿಮ್ಮದೇ ನಂಬರ್ ಕೊಡಿ. ಒಂದು ಉದ್ದ ನೋಟ್ ಪುಸ್ತಕದಲ್ಲಿ ಮನೆಗೊಂದು ಪುಟ. ಯಾರಿದ್ದಾರೆ, ಯಾವಾಗಿನಿಂದ, ಏನು ಕೆಲಸ, ಎಲ್ಲಿಗೆ ಕೆಲಸಕ್ಕೆ ಹೋಗುತ್ತಾರೆ, ಮಕ್ಕಳು ಯಾವ ಶಾಲೆ, ಅಂಗವಿಕಲರು ಇದ್ದಾರಾ, ಬಾಣಂತಿ ಇದ್ದಾರಾ.

ದಾಖಲೆ ಅಂದರೆ ಆಧಾರ್, ರೇಷನ್ ಕಾರ್ಡ್, ಓಟರ್ ಐಡಿ ಅಷ್ಟೇ ಅಂದುಕೊಳ್ಳುತ್ತಾರೆ. ಆಧಾರ್ ಬಂದಿದ್ದೇ 2010ರ ಮೇಲೆ. ಅದಕ್ಕಿಂತ ಹಳೆಯದು ಬೇಕು. ಟ್ರಂಕಿನ ಅಡಿಯಲ್ಲಿ ಹುಡುಕಿ. ತಾಯಿ ಕಾರ್ಡ್, ಮಕ್ಕಳ ಲಸಿಕೆ ಕಾರ್ಡ್, ಶಾಲೆಯ ದಾಖಲಾತಿ, ಹಳೇ ಕರೆಂಟ್ ಬಿಲ್. ಬಿಲ್ಲಿನಲ್ಲಿ ಆರ್.ಆರ್. ನಂಬರ್ ಅಂತ ನಿಮ್ಮ ಕರೆಂಟ್ ಸಂಪರ್ಕದ ನಂಬರ್ ಇರುತ್ತದೆ, ಕರೆಂಟ್ ಕಂಪನಿ ಸೆಸ್ಕ್‌ನ ಕಚೇರಿಯಲ್ಲಿ ಕೇಳಿದರೆ ಮೀಟರ್ ಯಾವ ವರ್ಷ ಕೊಟ್ಟರು ಅಂತ ಗೊತ್ತಾಗುತ್ತದೆ. ವಾಣಿ ವಿಲಾಸ ನೀರು ಸರಬರಾಜು ಕಚೇರಿಯ ನೀರಿನ ರಸೀದಿ, ವಿಳಾಸ ಇರುವ ಮದುವೆ ಪತ್ರಿಕೆ, ಮನಿ ಆರ್ಡರ್ ಚೀಟಿ, ಸ್ತ್ರೀಶಕ್ತಿ ಸಂಘದ ನಡಾವಳಿ ಪುಸ್ತಕ. ಅಂಗನವಾಡಿಯಲ್ಲಿ ಮನೆ ಮನೆ ಸಮೀಕ್ಷೆಯ ರಿಜಿಸ್ಟರ್ ಇರುತ್ತದೆ, ನಮ್ಮಂಥವರನ್ನು ಕೇಳಿ. ನಿಮ್ಮ ಅಮ್ಮ ನಿನ್ನ ಹೊಟ್ಟೆಯಲ್ಲಿಟ್ಟುಕೊಂಡಿದ್ದಾಗ ಯಾವ ಬೀದಿಯಲ್ಲಿದ್ದರು ಅಂತ ಯಾವುದೋ ರಿಜಿಸ್ಟರಿನಲ್ಲಿ ಇದ್ದೇ ಇರುತ್ತದೆ.

ಎಲ್ಲದರ ಫೋಟೋ ತೆಗೆದು ಕಾಲೋನಿಯ ಹೊರಗಿನ ಒಬ್ಬರ ಹತ್ತಿರ ಇಡಿ. ಕೆಡವುವ ದಿನ ಕಾಗದಗಳೆಲ್ಲ ಮಣ್ಣಿನಡಿ ಸಿಕ್ಕಿಕೊಂಡಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಕೇಸರೆ ಹೈದ

ಟೀಚರಮ್ಮ, ತುಂಬಾ ಧನ್ಯವಾದ. ನಮ್ಮಜ್ಜಿಯ ಟ್ರಂಕ್ ಇವತ್ತೇ ತೆಗೆಸುತ್ತೇನೆ.

ಲಾ ಓದುತ್ತಿರುವವನು

ಭೂಕಂದಾಯ ಕಾಯ್ದೆಯ 94ಸಿಸಿ ಸೆಕ್ಷನ್ನಿನಲ್ಲಿ ಅರ್ಜಿ ಹಾಕಿದರೆ ಮನೆ ಸಕ್ರಮ ಆಗುವುದಿಲ್ಲವಾ?

ಕಪ್ಪುಕೋಟು

ಅದು ನಗರ ವ್ಯಾಪ್ತಿಯ ಕಂದಾಯ ಜಾಗಕ್ಕೆ. ಕೆರೆ, ರಾಜಕಾಲುವೆ ಜಾಗಕ್ಕೆ ಆಗುವುದಿಲ್ಲ. ಜಾಗ ಯಾವುದು ಅಂತ ಗೊತ್ತಾದ ಮೇಲೆ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಲಿ. ಅದಕ್ಕಿಂತ 1973ರ ಕೊಳಚೆ ಪ್ರದೇಶಗಳ ಕಾಯ್ದೆ ಇವರಿಗೆ ಮುಖ್ಯ. ಸೆಕ್ಷನ್ 3ರ ಅಡಿ ಅಧಿಸೂಚನೆ ಆಗಿದ್ದರೆ ಅದು ಘೋಷಿತ ಕೊಳೆಗೇರಿ. ಆಗ ಮಂಡಳಿಗೆ ಜವಾಬ್ದಾರಿ ಬರುತ್ತದೆ, ಸುಮ್ಮನೆ ಬಂದು ಎಬ್ಬಿಸುವುದು ಕಷ್ಟ. ಅಘೋಷಿತ ಆದರೆ ಘೋಷಣೆ ಮಾಡಿ ಎಂದು ಅರ್ಜಿ ಕೊಡಬೇಕು. ಅದರ ಜೊತೆಗೆ ಟೀಚರ್ ಹೇಳಿದ ಗಣತಿ ಪುಸ್ತಕದ ಪ್ರತಿ ಲಗತ್ತಿಸಿ. ಇನ್ನೊಂದು ವಿಷಯ. ಪರಿಶಿಷ್ಟರನ್ನು ಅಕ್ರಮವಾಗಿ ಮನೆಯಿಂದ ಹೊರಹಾಕುವುದು 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಅಪರಾಧ. ಅದನ್ನೂ ಅರ್ಜಿಯಲ್ಲಿ ಒಂದು ಸಾಲು ಬರೆಯಿರಿ.

ಮಂಡ್ಯದ ಮಗ

ಅರ್ಜಿ ಅರ್ಜಿ ಅಂತ ಇದ್ದರೆ ಆಗುವುದಿಲ್ಲ ಕಣ್ರೀ. ಬೆಂಗಳೂರಿನ ಈಜಿಪುರದ ಬಡವರ ಮನೆಗಳ ವಿಷಯ ಕೋರ್ಟಿನಲ್ಲಿ ವರ್ಷಗಟ್ಟಲೆ ಇತ್ತು. 2013ರ ಜನವರಿಯಲ್ಲಿ ಜೆಸಿಬಿ ಬಂದೇ ಬಂತು. ಜನ ಚಳಿಯಲ್ಲಿ ರಸ್ತೆಯಲ್ಲಿ ಮಲಗಿದರು. ನಮ್ಮ ಮಂಡ್ಯದಲ್ಲಿ ಏನೇ ಆಗಬೇಕಾದರೂ ಸಂಜಯ ವೃತ್ತದಲ್ಲಿ ಕೂರಬೇಕು. ಕಾವೇರಿಗೂ ಕೂತಿದ್ದೇವೆ, ಕಬ್ಬಿನ ಬಾಕಿಗೂ ಕೂತಿದ್ದೇವೆ. ಡಿ.ಸಿ. ಆಫೀಸ್ ಮುಂದೆ ಪಾತ್ರೆ ಪಗಡೆ ಸಮೇತ ಕೂತರೆ ಅಧಿಕಾರಿ ಹೊರಗೆ ಬಂದು ಮಾತಾಡಲೇಬೇಕು.

ಎನ್.ಆರ್. ಮೊಹಲ್ಲಾದವಳು

ಕೂರುವುದು ಬೇಕು, ಇಲ್ಲ ಅನ್ನುವುದಿಲ್ಲ. ಆದರೆ ದಿನಗೂಲಿಯವರು ಎಷ್ಟು ದಿನ ಕೂರುತ್ತಾರೆ ಹೇಳಿ. ಮೂರನೇ ದಿನಕ್ಕೆ ಒಲೆ ಹಚ್ಚುವುದಕ್ಕೆ ಏನೂ ಇರುವುದಿಲ್ಲ. ಪಾಳಿ ಹಾಕಿಕೊಳ್ಳಬೇಕು. ಇವತ್ತು ಮೇಲಿನ ಬೀದಿ, ನಾಳೆ ಕೆಳಗಿನ ಬೀದಿ. ಮಧ್ಯಾಹ್ನದ ಊಟ ಒಂದೇ ಕಡೆ ಮಾಡಬೇಕು. ಕೂರುವ ದಿನ ಏನು ಕೇಳುತ್ತಿದ್ದೇವೆ ಅನ್ನುವುದು ಒಂದೇ ಸಾಲಿನಲ್ಲಿ ಎಲ್ಲರ ಬಾಯಲ್ಲೂ ಬರಬೇಕು. "ಲಿಖಿತ ಆದೇಶ ತೋರಿಸಿ, ಜಂಟಿ ಸರ್ವೆ ಮಾಡಿ." ಒಬ್ಬರು ಹಕ್ಕುಪತ್ರ ಕೊಡಿ, ಇನ್ನೊಬ್ಬರು ರಸ್ತೆ ಮಾಡಿಸಿ, ಮತ್ತೊಬ್ಬರು ಪಿಂಚಣಿ ಬಂದಿಲ್ಲ ಅಂದರೆ ಅಧಿಕಾರಿ ಎಲ್ಲದಕ್ಕೂ ತಲೆಯಾಡಿಸಿ ಕಳಿಸಿಬಿಡುತ್ತಾರೆ.

ಹಳೇ ಮೈಸೂರಿಗ

ಕಾರ್ಪೊರೇಟರ್ ಹಿಡಿಯಿರಿ ಅನ್ನೋಣ ಅಂದರೆ ಪಾಲಿಕೆ ಸದಸ್ಯರ ಅವಧಿ 2023ರ ನವೆಂಬರ್‌ನಲ್ಲೇ ಮುಗಿಯಿತು. ಆಗಿನಿಂದ ಜನ ಸಣ್ಣ ವಿಷಯಕ್ಕೂ ನೇರ ಅಧಿಕಾರಿಗಳ ಹತ್ತಿರ ಅಲೆಯುವ ಹಾಗಾಯಿತು.

ಗಾರೆ ಮೇಸ್ತ್ರಿ

ಬದಲಿ ಮನೆ ಬಗ್ಗೆ ಮೇಲೆ ಮಾತು ಬಂತು. ನಾನು ಗುಂಪು ಮನೆಯಲ್ಲಿದ್ದೇನೆ, ಎರಡನೇ ಮಹಡಿ. ಊರಾಚೆ ಹಾಕಿದರು. ಗೋಡೆ ಗಟ್ಟಿ ಇದೆ, ಕಕ್ಕಸು ಮನೆಯೊಳಗೇ ಇದೆ, ಇದನ್ನು ಹೇಳಬೇಕು. ಹೆಣ್ಣುಮಕ್ಕಳಿಗೆ ಅದು ದೊಡ್ಡ ನೆಮ್ಮದಿ.

ಆದರೆ ತಳ್ಳುಗಾಡಿಯನ್ನು ಎರಡನೇ ಮಹಡಿಗೆ ಹೇಗೆ ಹತ್ತಿಸುತ್ತೀರಿ? ಊದುಬತ್ತಿ ಒಣಗಿಸುವುದಕ್ಕೆ ಅಂಗಳ ಎಲ್ಲಿದೆ? ಕುರಿ ಮೇಕೆ ಇದ್ದವರು ಮೊದಲೇ ಮಾರಿಬಿಟ್ಟರು. ನೀರಿನ ಮೋಟರ್ ಕೆಟ್ಟರೆ ರಿಪೇರಿ ಯಾರದ್ದು ಅಂತ ಜಗಳ. ಮಂಡಳಿಯವರು ಪಾಲಿಕೆ ಕಡೆ ತೋರಿಸುತ್ತಾರೆ, ಪಾಲಿಕೆಯವರು ಮಂಡಳಿ ಕಡೆ. ವಯಸ್ಸಾದವರು ಮೆಟ್ಟಿಲು ಇಳಿಯುವುದನ್ನೇ ಬಿಟ್ಟಿದ್ದಾರೆ. ಕೆಲವರು ಮನೆಯನ್ನು ಬಾಡಿಗೆಗೆ ಕೊಟ್ಟು ಹಳೇ ಜಾಗದ ಹತ್ತಿರವೇ ಶೆಡ್ಡಿಗೆ ವಾಪಸ್ ಹೋದರು. ಆಗ "ಮನೆ ಕೊಟ್ಟರೂ ಮಾರಿಕೊಳ್ಳುತ್ತಾರೆ" ಅಂತ ಮಾತು. ಕೂಲಿ ಎಲ್ಲಿದೆಯೋ ಅಲ್ಲಿಗೆ ಹೋದರು ಅಷ್ಟೇ.

ಬೆಳಗಿನ ಬಸ್ಸು

ಮೇಸ್ತ್ರಿ ಅಣ್ಣ ಹೇಳಿದ್ದು ಸತ್ಯ. ನಾನು ನಾಲ್ಕು ಮನೆ ಕೆಲಸ ಮಾಡುತ್ತೇನೆ. 2023ರ ಜೂನ್‌ನಿಂದ ಹೆಂಗಸರಿಗೆ ಬಸ್ ಫ್ರೀ, ದೊಡ್ಡ ಉಪಕಾರ. ಆದರೆ ಮೊದಲ ಬಸ್ಸೇ ತಡ. ಮೊದಲ ಮನೆ ತಪ್ಪಿತು ಅಂದರೆ ಆ ತಿಂಗಳ ಸಂಬಳದಲ್ಲಿ ಗ್ಯಾಸ್ ಸಿಲಿಂಡರ್ ಹೋಯಿತು. ಬದಲಿ ಮನೆ ಮಾತು ಬಂದರೆ ಬಸ್ಸಿನ ಟೈಮ್ ಕೂಡ ಬರೆಸಿಕೊಳ್ಳಿ. ಹಕ್ಕುಪತ್ರ ಹೆಂಗಸಿನ ಹೆಸರಿಗೆ ಅಥವಾ ಇಬ್ಬರ ಹೆಸರಿಗೂ ಕೇಳಿ. ಗಂಡ ಕುಡಿದು ಅಡ ಇಟ್ಟ ಮನೆಗಳು ನಮ್ಮ ಸಾಲಿನಲ್ಲೇ ಇವೆ.

ಮಂಡ್ಯದ ಮಗ

ನಮ್ಮಲ್ಲಿ ಮೆಡಿಕಲ್ ಕಾಲೇಜಿನ ಪಕ್ಕದ ತಮಿಳು ಕಾಲೋನಿಯದ್ದೂ ಇದೇ ಕಥೆ. ಆಸ್ಪತ್ರೆಗೆ ಜಾಗ ಬೇಕು ಅನ್ನುವುದನ್ನು ಇಲ್ಲ ಅನ್ನುವುದಕ್ಕೆ ಆಗುವುದಿಲ್ಲ, ಜಿಲ್ಲೆಯ ಬಡವರೇ ಅಲ್ಲಿಗೆ ಹೋಗುವುದು. ಚಿಕ್ಕಮಂಡ್ಯದ ಕಡೆ ಮನೆ ಕಟ್ಟಿದರು. ಹೋಗಿ ಅಂತ ಒಂದು ಕಡೆ, ಹೋಗುವುದಿಲ್ಲ ಅಂತ ಇನ್ನೊಂದು ಕಡೆ. ಮನೆ ಕಟ್ಟುವ ಮೊದಲು ಕಾಲೋನಿಯವರನ್ನು ಕೂರಿಸಿಕೊಂಡು ಎಲ್ಲಿ ಕಟ್ಟಲಿ ಅಂತ ಕೇಳಿದ್ದರೆ ಇಷ್ಟು ಎಳೆದಾಟ ಇರುತ್ತಿರಲಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಲಾ ಓದುತ್ತಿರುವವನು

ಕೋರ್ಟಿನಿಂದ ಪ್ರಯೋಜನವೇ ಇಲ್ಲ ಅನ್ನಬೇಡಿ ಅಣ್ಣ. 2020ರ ಜನವರಿಯಲ್ಲಿ ಬೆಂಗಳೂರಿನ ಕರಿಯಮ್ಮನ ಅಗ್ರಹಾರದಲ್ಲಿ ಬಾಂಗ್ಲಾದವರು ಅಂತ ಹೆಸರಿಟ್ಟು ಗುಡಿಸಲು ಕೆಡವಿದರು. ಅಲ್ಲಿದ್ದವರಲ್ಲಿ ನಮ್ಮ ಉತ್ತರ ಕರ್ನಾಟಕದವರೂ ಇದ್ದರು. ಹೈಕೋರ್ಟಿಗೆ ಹೋದ ಮೇಲೆ ಪೊಲೀಸರು ಕೊಟ್ಟ ನೋಟಿಸೇ ತಪ್ಪು ಅಂತ ಆಯಿತು. ಸ್ಲಂ ಜನಾಂದೋಲನ ಕರ್ನಾಟಕದಂಥ ಸಂಘಟನೆಗಳು ರಾಜ್ಯದಲ್ಲಿವೆ. ಅವರನ್ನು ಸಂಪರ್ಕಿಸಿದರೆ ಬೇರೆ ಊರಿನವರು ಹೇಗೆ ಮಾಡಿದರು ಅಂತ ಗೊತ್ತಾಗುತ್ತದೆ.

ಕೇಸರೆ ಹೈದ

ಎಲ್ಲರಿಗೂ ಮತ್ತೆ ನಮಸ್ಕಾರ. ಭಾನುವಾರ ಸಭೆ ಆಯಿತು. 500 ಕೇಳಿದವರು ಬಂದರು. ರಸೀದಿ ಕೊಡುತ್ತೀರಾ ಅಂತ ನಮ್ಮಮ್ಮನೇ ಎದ್ದು ಕೇಳಿದರು. ಆಮೇಲೆ ಅವರು ದುಡ್ಡಿನ ಮಾತು ಎತ್ತಲಿಲ್ಲ. ಕಮಿಟಿ ಆಗಿದೆ. ಮೂರೂ ಕಚೇರಿಗೆ ಅರ್ಜಿ ಕೊಟ್ಟು ಸೀಲು ಹಾಕಿಸಿಕೊಂಡಿದ್ದೇವೆ. ಒಂದು ಕಡೆ ಸೀಲು ಹಾಕಲ್ಲ ಅಂದರು, ಹೆಂಗಸರೆಲ್ಲ ಅಲ್ಲೇ ಕೂತರು, ಮಧ್ಯಾಹ್ನಕ್ಕೆ ಹಾಕಿದರು. ಕಾನೂನು ನೆರವಿನಲ್ಲಿ ಒಬ್ಬರು ವಕೀಲರನ್ನು ಕೊಟ್ಟಿದ್ದಾರೆ. ಗಡುವು ಮುಗಿದಿದೆ, ಇನ್ನೂ ಯಾರೂ ಬಂದಿಲ್ಲ.

ಈಗ ಗಣತಿಯಲ್ಲಿ ತಕರಾರು ಬಂದಿದೆ. ನಮ್ಮಲ್ಲಿ ಬಾಡಿಗೆಗೆ ಇರುವ ಕುಟುಂಬಗಳೂ ಇವೆ. ಅವರನ್ನು ಬರೆದರೆ ನಾಳೆ ಮನೆ ಅವರಿಗೆ ಹೋಗುತ್ತದೆ ಅಂತ ಹಳಬರು ಜಗಳ ಮಾಡುತ್ತಿದ್ದಾರೆ. ಏನು ಮಾಡಲಿ?

ತೆರಿಗೆ ಕಟ್ಟುವವ, ಕುವೆಂಪುನಗರ

ಸ್ವಂತ ಮನೆಯವರನ್ನು ಮಾತ್ರ ಬರೆಯಿರಿ. ಇಲ್ಲದಿದ್ದರೆ ಪಟ್ಟಿ ಉದ್ದ ಆದಷ್ಟೂ ಅಧಿಕಾರಿಗಳಿಗೆ ಅನುಮಾನ ಜಾಸ್ತಿ.

ಅಂಗನವಾಡಿ ಟೀಚರ್

ಇಲ್ಲ, ಅದು ಸರಿಯಲ್ಲ. ಬಾಡಿಗೆಯವರನ್ನು ಬಿಟ್ಟರೆ ಅವರು ನಿಮ್ಮ ಜೊತೆ ನಿಲ್ಲುವುದಿಲ್ಲ. ಯಾಕೆ ನಿಲ್ಲಬೇಕು? ಜೆಸಿಬಿ ಬಂದ ದಿನ ಅರ್ಧ ಕಾಲೋನಿ ಗಂಟು ಕಟ್ಟಿಕೊಂಡು ಹೊರಟರೆ ಉಳಿದವರ ಗತಿ ಏನು?

ಎನ್.ಆರ್. ಮೊಹಲ್ಲಾದವಳು

ನಾವು ಮಾಡಿದ್ದು ಹೀಗೆ. ಒಂದೇ ಪುಸ್ತಕ, ಒಂದೇ ಮನೆ ನಂಬರ್, ಅದರಲ್ಲಿ ಎರಡು ಸಾಲು. ಮೊದಲ ಸಾಲಿನಲ್ಲಿ ಮನೆ ಕಟ್ಟಿಕೊಂಡವರು, ಎರಡನೇ ಸಾಲಿನಲ್ಲಿ ಈಗ ವಾಸ ಇರುವವರು, ಎಷ್ಟು ವರ್ಷದಿಂದ ಅಂತ. ಇಬ್ಬರೂ ಒಬ್ಬರ ಸಾಲಿನ ಮುಂದೆ ಇನ್ನೊಬ್ಬರು ಸಹಿ ಹಾಕಬೇಕು. ಜಗಳ ಒಂದು ಸಂಜೆ ಆಯಿತು, ಆಮೇಲೆ ನಿಂತಿತು. ಮನೆ ಕಟ್ಟಿಕೊಂಡು ಬೇರೆ ಕಡೆ ಸ್ವಂತ ಮನೆಯಲ್ಲಿ ಇರುವವರು ಮಾತ್ರ ಸಹಿಗೆ ಬರಲಿಲ್ಲ. ಅವರ ಸಾಲನ್ನು ಖಾಲಿ ಬಿಟ್ಟೆವು.

ಕೇಸರೆ ಹೈದ

ಇದು ಆಗುತ್ತದೆ ಅಕ್ಕ. ಆ ಪುಟದ ಒಂದು ಫೋಟೋ ಇದ್ದರೆ ಹಾಕಿ, ಹೆಸರು ಮುಚ್ಚಿ. ಬುಧವಾರ ಸಂಜೆ ಮೇಲಿನ ಬೀದಿಯಿಂದ ಬರೆಯಲು ಶುರು ಮಾಡುತ್ತೇವೆ.